ಹೊರೆ ಹೊರುವ ಪಿಕಪ್‌ಗೂ ಆಟೋಮ್ಯಾಟಿಕ್ ಗೇರ್ ಕೊಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಪಿಕಪ್ ಕೊಳ್ಳುವವರಿಗೆ ಸಲಹೆ ಕೊಡುವ ಲೇಖನವೊಂದು ನಿಮ್ಮ ವಾಹನ ಪುಟದಲ್ಲಿ ಬಂದಿತ್ತು. ಡೀಸೆಲ್ ಪಿಕಪ್‌ಗೆ ಮ್ಯಾನುಯಲ್ ಗೇರೇ ಸರಿ, ಆಟೋಮ್ಯಾಟಿಕ್ ಏನಿದ್ದರೂ ಪೇಟೆಯವರ ಶೋಕಿ ಅನ್ನುವ ಧಾಟಿಯಲ್ಲಿತ್ತು. ಬರೆದವರು ಗಾಡಿ ಬಗ್ಗೆ ತಿಳಿದವರೇ, ಅದರಲ್ಲಿ ಅನುಮಾನವಿಲ್ಲ. ಆದರೆ ಬೆಲೆ, ಮೈಲೇಜ್, ಮರುಮಾರಾಟ ಎಲ್ಲದರ ಲೆಕ್ಕ ಇದ್ದ ಆ ಲೇಖನದಲ್ಲಿ ಗಾಡಿ ಓಡಿಸುವವರ ಕಾಲಿನ ಲೆಕ್ಕ ಎಲ್ಲೂ ಇರಲಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಹಾಕಿ.

ನಾನು ಮೂಡಿಗೆರೆ ತಾಲ್ಲೂಕಿನ ಕಾಫಿ ಬೆಳೆಗಾರ್ತಿ. ಕೊಟ್ಟಿಗೆಹಾರದ ಕಡೆ ನಮ್ಮ ತೋಟ. ಯಜಮಾನರು ತೀರಿಕೊಂಡ ಮೇಲೆ ತೋಟ, ಲೆಕ್ಕಪತ್ರ, ಗಾಡಿ ಎಲ್ಲ ನನ್ನ ಕೈಗೇ ಬಂತು. ಮನೆಯಲ್ಲಿ ಎರಡು ಪಿಕಪ್ ಇವೆ. ಒಂದು ಹಳೆಯ ಬೊಲೆರೊ ಪಿಕಪ್, ಐದು ಗೇರಿನ ಮ್ಯಾನುಯಲ್. ಇನ್ನೊಂದು ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡ ಇಸುಜು ವಿ-ಕ್ರಾಸ್, ಆರು ಗೇರಿನ ಆಟೋಮ್ಯಾಟಿಕ್, ಫೋರ್ ವೀಲ್. ಒಬ್ಬ ಡ್ರೈವರ್ ಇದ್ದಾನೆ, ಆದರೆ ಕುಯ್ಲಿನ ಟೈಮಲ್ಲಿ ಒಬ್ಬರಿಂದ ಆಗುವ ಕೆಲಸ ಅಲ್ಲ ಅದು. ಹಾಗಾಗಿ ಎರಡೂ ಗಾಡಿಯನ್ನು ನಾನೂ ಓಡಿಸುತ್ತೇನೆ. ನನ್ನ ಎಡ ಮಂಡಿ ಸವೆದಿದೆ. ಡಾಕ್ಟರು ಮೆಟ್ಟಿಲು ಹತ್ತಬೇಡಿ ಅನ್ನುತ್ತಾರೆ. ಕ್ಲಚ್ ತುಳಿಯಬೇಡಿ ಅಂತ ಯಾರೂ ಹೇಳಲಿಲ್ಲ, ಹೇಳಿದರೂ ಕುಯ್ಲು ನಿಲ್ಲುವುದಿಲ್ಲ ಅಲ್ವಾ.

ನಮ್ಮ ಕಣದಿಂದ ಟಾರು ರಸ್ತೆಗೆ ಬರುವ ದಾರಿಯಲ್ಲಿ ಒಂದು ಏರು ಇದೆ. ಏರಿನ ಮಧ್ಯದಲ್ಲೇ ಗೇಟು. ಹಿಂದಿನವರು ಅಲ್ಲಿ ಯಾಕೆ ಹಾಕಿದರೋ ಗೊತ್ತಿಲ್ಲ, ದನ ನುಗ್ಗದಿರಲಿ ಅಂತ ಇರಬೇಕು. ಗಾಡಿ ಅಲ್ಲಿ ನಿಲ್ಲಲೇಬೇಕು, ಗೇಟು ತೆಗೆಯಬೇಕು, ಮತ್ತೆ ಅದೇ ಏರಿನಲ್ಲಿ ಹೊರಡಬೇಕು. ಬೊಲೆರೊ ತುಂಬಾ ಚೆರಿ (ಒಣಗಿಸಿದ ಕಾಫಿ ಹಣ್ಣು) ಚೀಲ ಇದ್ದಾಗ ಇದು ಹೇಗಿರುತ್ತದೆ ಹೇಳುತ್ತೇನೆ. ಒಂದು ಚೀಲ ಅಂದರೆ 50 ಕೆಜಿ. ಹ್ಯಾಂಡ್ ಬ್ರೇಕ್ ಎಳೆದು, ಫಸ್ಟ್ ಗೇರ್ ಹಾಕಿ, ಎಡಗಾಲನ್ನು ಹಾಫ್ ಕ್ಲಚ್‌ಗೆ, ಅಂದರೆ ಪೆಡಲ್ ಅರ್ಧ ಬಿಟ್ಟ ಜಾಗಕ್ಕೆ ತರಬೇಕು. ಎಂಜಿನ್ ಸದ್ದು ಕೆಳಗೆ ಇಳಿಯುತ್ತದೆ, ಬಾನೆಟ್ ಸ್ವಲ್ಪ ಮೇಲೇಳುತ್ತದೆ. ಆಗ ಹ್ಯಾಂಡ್ ಬ್ರೇಕ್ ಬಿಡಬೇಕು. ಒಂದು ಕ್ಷಣ ಮುಂಚೆ ಬಿಟ್ಟರೆ ಗಾಡಿ ಹಿಂದಕ್ಕೆ ಜಾರುತ್ತದೆ. ತಡವಾದರೆ ಎಂಜಿನ್ ಆಫ್. ಕ್ಲಚ್ ಫಕ್ಕನೆ ಬಿಟ್ಟರೆ ಹಿಂದಿನ ಚಕ್ರ ಒದ್ದೆ ಮಣ್ಣಲ್ಲಿ ಸುಮ್ನೆ ತಿರುಗುತ್ತದೆ. ಸರಿಯಾಗಿ ಮಾಡಿದರೂ ಕ್ಲಚ್ ಪ್ಲೇಟ್ ಕಾದ ವಾಸನೆ ಒಳಗೆ ಬಂದೇ ಬರುತ್ತದೆ. ಎಡ ಮಂಡಿ ಅಷ್ಟೂ ಹೊತ್ತು ಅರ್ಧ ಮಡಚಿಕೊಂಡು ನಡುಗುತ್ತಾ ಇರುತ್ತದೆ.

ಅದೇ ಗೇಟಿನಲ್ಲಿ ವಿ-ಕ್ರಾಸ್‌ಗೆ ಬಲಗಾಲು ಒಂದೇ ಸಾಕು. ಬ್ರೇಕಿನಿಂದ ಆಕ್ಸಿಲರೇಟರ್‌ಗೆ ಕಾಲು ಇಟ್ಟರೆ ಗಾಡಿ ತಾನೇ ಹೊರಡುತ್ತದೆ. ಇದರಲ್ಲಿ ಮಾಯ ಏನೂ ಇಲ್ಲ. ಎಂಜಿನ್‌ಗೂ ಗೇರ್ ಬಾಕ್ಸ್‌ಗೂ ನಡುವೆ ಕ್ಲಚ್ ಪ್ಲೇಟ್ ಬದಲು ಟಾರ್ಕ್ ಕನ್ವರ್ಟರ್ ಅನ್ನುವ, ಎಣ್ಣೆ ತುಂಬಿದ ಡಬ್ಬಿ ಇರುತ್ತದೆ. ಎದುರುಬದುರು ಇಟ್ಟ ಎರಡು ಫ್ಯಾನ್ ಇದ್ದಂತೆ ಅದು. ಎಂಜಿನ್ ಕಡೆಯದು ತಿರುಗಿ ಎಣ್ಣೆಯನ್ನು ತಳ್ಳುತ್ತದೆ, ಆ ಎಣ್ಣೆ ಗೇರ್ ಬಾಕ್ಸ್ ಕಡೆಯದನ್ನು ತಿರುಗಿಸುತ್ತದೆ. ನಿಂತಲ್ಲಿಂದ ಹೊರಡುವ ಹೊತ್ತಿನಲ್ಲಿ ಇದೇ ಡಬ್ಬಿ ಎಂಜಿನ್ನಿನ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ಹೆಚ್ಚುಕಡಿಮೆ ಎರಡರಷ್ಟು ಮಾಡಿ ಕೊಡುತ್ತದೆ. ಉಜ್ಜಿ ಸವೆಯುವ ಪ್ಲೇಟ್ ಅಲ್ಲಿ ಇಲ್ಲ. ಬಿಸಿಯಾಗುವುದು ಎಣ್ಣೆ, ಅದನ್ನು ತಣಿಸುವುದಕ್ಕೆ ಕೂಲರ್ ಇದೆ. ಗಾಡಿ ವೇಗ ಹಿಡಿದ ಮೇಲೆ ಒಳಗಿನ ಲಾಕಪ್ ಕ್ಲಚ್ ಎರಡೂ ಕಡೆಯನ್ನು ಬಿಗಿಯಾಗಿ ಸೇರಿಸಿಬಿಡುತ್ತದೆ. ಆಮೇಲೆ ಎಣ್ಣೆಯಲ್ಲಿ ಶಕ್ತಿ ಸೋರುವ ಮಾತಿಲ್ಲ. ಆಟೋಮ್ಯಾಟಿಕ್ ಅಂದರೆ ಡೀಸೆಲ್ ಕುಡಿಯುತ್ತದೆ ಅನ್ನುವುದು ಹಳೇ ಮೂರು, ನಾಲ್ಕು ಗೇರಿನ ಕಾಲದ ಮಾತು. ಈಗಲೂ ಸ್ವಲ್ಪ ವ್ಯತ್ಯಾಸ ಇರಬಹುದು, ಆದರೆ ನನ್ನ ಮಂಡಿಗಿಂತ ಅದು ದುಬಾರಿಯಲ್ಲ.

ಆಟೋಮ್ಯಾಟಿಕ್‌ಗೆ ದಮ್ಮಿಲ್ಲ, ಹೊರೆ ತಡೆಯುವುದಿಲ್ಲ ಅನ್ನುವುದು ಇನ್ನೊಂದು ಮಾತು. ನಮ್ಮ ಬಿಡದಿಯಲ್ಲೇ ಜೋಡಣೆಯಾಗಿ ಬರುವ ಟೊಯೊಟಾ ಹೈಲಕ್ಸ್ ನೋಡಿ. 2.8 ಲೀಟರಿನ ಅದೇ ಡೀಸೆಲ್ ಎಂಜಿನ್, ಅದೇ 204 ಅಶ್ವಶಕ್ತಿ. ಆದರೆ ಮ್ಯಾನುಯಲ್ ತೆಗೆದುಕೊಂಡರೆ ಟಾರ್ಕ್ 420 ಎನ್‌ಎಂ, ಆಟೋಮ್ಯಾಟಿಕ್ ತೆಗೆದುಕೊಂಡರೆ 500 ಎನ್‌ಎಂ. ದಮ್ಮಿಲ್ಲದ ಗೇರ್ ಬಾಕ್ಸ್‌ಗೆ ಕಂಪನಿಯವರು ಜಾಸ್ತಿ ಟಾರ್ಕ್ ಕೊಡುತ್ತಾರಾ? ಅಮೆರಿಕದಲ್ಲಿ ದೊಡ್ಡ ದೊಡ್ಡ ಟ್ರೈಲರ್ ಎಳೆಯುವ ಭಾರೀ ಡೀಸೆಲ್ ಪಿಕಪ್‌ಗಳಲ್ಲಿ ಮ್ಯಾನುಯಲ್ ಉಳಿಸಿಕೊಂಡಿದ್ದ ಕೊನೆಯ ಕಂಪನಿ ರಾಮ್. ಅದೂ 2018ರ ಮಾಡೆಲ್‌ಗೆ ನಿಂತುಹೋಯಿತು. ಅಷ್ಟು ದೂರ ಯಾಕೆ, ಬೆಂಗಳೂರಿನ ವೋಲ್ವೊ ಸಿಟಿ ಬಸ್ಸುಗಳು ಬಂದಾಗಿನಿಂದ ಆಟೋಮ್ಯಾಟಿಕ್‌ನಲ್ಲೇ ಓಡುತ್ತಿವೆ. ಬಸ್ ತುಂಬಾ ಜನ, ಹೆಜ್ಜೆಗೊಂದು ಸ್ಟಾಪ್, ಮೈಲುಗಟ್ಟಲೆ ಟ್ರಾಫಿಕ್. ಅದಕ್ಕಿಂತ ಹೊರೆ ಬೇಕಾ?

ಇನ್ನು ಘಾಟಿ ಇಳಿಯುವ ವಿಷಯ. ಲೇಖನದಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದರು. ನಮ್ಮ ಕಡೆಯವರಿಗೆ ಎಲ್ಲಕ್ಕಿಂತ ಮುಖ್ಯ ಇದೇ. ಕೊಟ್ಟಿಗೆಹಾರ ದಾಟಿದರೆ ಚಾರ್ಮಾಡಿ. ರಾಷ್ಟ್ರೀಯ ಹೆದ್ದಾರಿ 73 ಅಂತ ಹೆಸರೇನೋ ದೊಡ್ಡದು, ಮಳೆಗಾಲದಲ್ಲಿ ಮಂಜು ಇಳಿದರೆ ಮುಂದಿನ ತಿರುವು ಕಾಣುವುದಿಲ್ಲ. 2019ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಈ ದಾರಿ ಏನಾಯಿತು ಅನ್ನುವುದು ಎಲ್ಲರಿಗೂ ನೆನಪಿದೆ. ರಾತ್ರಿ ಮೇಲಿಂದ ತರಕಾರಿ ಪಿಕಪ್ ಕೆಳಗೆ ಹೋಗುತ್ತವೆ, ಬೆಳಗಾಗುವ ಮೊದಲು ಕೆಳಗಿಂದ ಮೀನಿನ ಪಿಕಪ್ ಮೇಲೆ ಬರುತ್ತವೆ. ಹತ್ತಿದ ಗೇರಲ್ಲೇ ಇಳಿಯಬೇಕು ಅನ್ನುವುದು ಹಳೇ ಡ್ರೈವರುಗಳ ಮಾತು. ಎರಡನೇ ಗೇರಲ್ಲಿ ಹತ್ತುವ ತಿರುವನ್ನು ಎರಡನೇ ಗೇರಲ್ಲೇ ಇಳಿದರೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡಿರುತ್ತದೆ, ಬ್ರೇಕಿನ ಮೇಲೆ ಭಾರ ಕಡಿಮೆ.

ಮ್ಯಾನುಯಲ್‌ನಲ್ಲಿ ಇದು ಸಹಜವಾಗಿ ಬರುತ್ತದೆ, ಒಪ್ಪುತ್ತೇನೆ. ಆಟೋಮ್ಯಾಟಿಕ್ ಗಾಡಿಯನ್ನು ಡಿ (ಡ್ರೈವ್) ಯಲ್ಲೇ ಬಿಟ್ಟರೆ ಇಳಿಜಾರಿನಲ್ಲಿ ಅದು ಮೇಲಿನ ಗೇರಿಗೆ ಹೋಗಿಬಿಡುತ್ತದೆ. ಗಾಡಿ ಓಡುತ್ತದೆ, ಓಡಿಸುವವರು ಬ್ರೇಕ್ ತುಳಿದೇ ಇರುತ್ತಾರೆ, ಪ್ಯಾಡ್ ಕಾಯುತ್ತದೆ, ಬ್ರೇಕ್ ಆಯಿಲ್ ಕುದಿಯುತ್ತದೆ. ಕೊನೆಗೆ ಪೆಡಲ್ ಮೆತ್ತಗಾಗಿ ಒಳಗೆ ಹೋಗುತ್ತದೆ. ವೀಕೆಂಡಿನಲ್ಲಿ ಚಾರ್ಮಾಡಿಯ ತಿರುವುಗಳಲ್ಲಿ ನಿಂತು ನೋಡಿ, ಬ್ರೇಕ್ ಸುಟ್ಟ ವಾಸನೆ ಬರುತ್ತಿರುತ್ತದೆ. ಆದರೆ ಇದು ಗೇರ್ ಬಾಕ್ಸಿನ ತಪ್ಪಲ್ಲ, ಹೇಳಿಕೊಡದವರ ತಪ್ಪು. ವಿ-ಕ್ರಾಸ್ ಇರಲಿ, ಹೈಲಕ್ಸ್ ಇರಲಿ, ಗೇರ್ ಲಿವರನ್ನು ಪಕ್ಕಕ್ಕೆ ಎಳೆದರೆ ಪ್ಲಸ್ ಮೈನಸ್ ಇರುವ ಜಾಗ ಸಿಗುತ್ತದೆ. ನಾನು ಘಾಟಿ ಶುರುವಾಗುವ ಮೊದಲೇ ಲಿವರ್ ಅಲ್ಲಿಗೆ ತಂದು ಮೈನಸ್ ತಟ್ಟಿ ಎರಡಕ್ಕೆ ಇಳಿಸುತ್ತೇನೆ. ಮೀಟರಿನಲ್ಲಿ 2 ಅಂತ ಬರುತ್ತದೆ, ಎಂಜಿನ್ ಸದ್ದು ಏರುತ್ತದೆ, ಗಾಡಿ ತಡೆದುಕೊಂಡು ಇಳಿಯುತ್ತದೆ. ತಿರುವು ಬಂದಾಗ ಮಾತ್ರ ಬ್ರೇಕ್. ಕೆಳಗೆ ಇಳಿದು ಚಕ್ರದ ಹತ್ತಿರ ಕೈ ಹಿಡಿದರೆ ಹೆಚ್ಚಿನ ಕಾವೂ ಇರುವುದಿಲ್ಲ. ಡೀಸೆಲ್ ಎಂಜಿನ್‌ಗೆ ಪೆಟ್ರೋಲಿನಷ್ಟು ಹಿಡಿತ ತಾನಾಗಿ ಇರುವುದಿಲ್ಲ, ಅದಕ್ಕೇ ಗೇರ್ ಇನ್ನೂ ಕೆಳಗೆ ಇರಬೇಕು. ಇಷ್ಟನ್ನು ಶೋರೂಮಿನಲ್ಲಿ ಗಾಡಿ ಕೀ ಕೊಡುವಾಗ ಐದು ನಿಮಿಷ ಹೇಳಿದರೆ ಎಷ್ಟೋ ಜೀವ ಉಳಿಯುತ್ತವೆ.

ಇದರ ಜೊತೆಗೆ ಇನ್ನೊಂದು ಅಭ್ಯಾಸದ ಬಗ್ಗೆ ಬರೆಯಲೇಬೇಕು. ಡೀಸೆಲ್ ಉಳಿಸುವುದಕ್ಕೆ ಅಂತ ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ ಗಾಡಿ ಬಿಡುವವರು ತುಂಬಾ ಜನ ಇದ್ದಾರೆ. ನಮ್ಮ ಡ್ರೈವರಿಗೂ ಇದೇ ಅಭ್ಯಾಸ ಇತ್ತು. ಈಗಿನ ಡೀಸೆಲ್ ಎಂಜಿನ್‌ಗಳಲ್ಲಿ ಗೇರಲ್ಲಿ ಇಟ್ಟುಕೊಂಡು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಂಧನ ಹೋಗುವುದೇ ನಿಂತುಬಿಡುತ್ತದೆ, ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ. ನ್ಯೂಟ್ರಲ್ ಹಾಕಿದರೆ ಎಂಜಿನ್ ತಾನೇ ಓಡಬೇಕು, ಅದಕ್ಕೆ ಡೀಸೆಲ್ ಬೇಕೇ ಬೇಕು. ಅಂದರೆ ಉಳಿಯುವುದು ಏನೂ ಇಲ್ಲ, ಹಿಡಿತ ಮಾತ್ರ ಹೋಗುತ್ತದೆ. ಇದನ್ನು ಅವನಿಗೆ ಬಿಡಿಸಿ ಹೇಳಿದ ಮೇಲೆ ಬಿಟ್ಟಿದ್ದಾನೆ. ದಯವಿಟ್ಟು ಈ ಮಾತು ದಪ್ಪ ಅಕ್ಷರದಲ್ಲಿ ಹಾಕಿ.

ಮ್ಯಾನುಯಲ್ ಕಡೆಯ ನ್ಯಾಯವನ್ನೂ ಹೇಳಬೇಕು. ಅದು ಕೆಟ್ಟರೆ ನಮ್ಮೂರಲ್ಲೇ ರಿಪೇರಿ ಆಗುತ್ತದೆ. ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಯಾವುದು ಬೇಕಾದರೂ ಮೂಡಿಗೆರೆಯಲ್ಲಿ ಸಿಗುತ್ತದೆ, ಬೆಳಿಗ್ಗೆ ಬಿಟ್ಟರೆ ಸಂಜೆ ಗಾಡಿ ತರಬಹುದು. ಬ್ಯಾಟರಿ ಸತ್ತರೆ ನಾಲ್ಕು ಜನ ತಳ್ಳಿ ಸ್ಟಾರ್ಟ್ ಮಾಡಬಹುದು. ಆಟೋಮ್ಯಾಟಿಕ್ ಅನ್ನು ಎಷ್ಟು ತಳ್ಳಿದರೂ ಸ್ಟಾರ್ಟ್ ಆಗುವುದಿಲ್ಲ, ಜಂಪರ್ ಕೇಬಲ್ ಇಟ್ಟುಕೊಂಡಿರಲೇಬೇಕು. ಕೆಟ್ಟು ನಿಂತರೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸುವ ಹಾಗೂ ಇಲ್ಲ. ಗೇರ್ ಬಾಕ್ಸಿಗೆ ಎಣ್ಣೆ ಕಳಿಸುವ ಪಂಪ್ ತಿರುಗುವುದು ಎಂಜಿನ್‌ನಿಂದ. ಎಂಜಿನ್ ನಿಂತಿರುವಾಗ ಚಕ್ರ ತಿರುಗಿದರೆ ಒಳಗೆ ಒಣಗಿ ಉಜ್ಜಿ ಹಾಳಾಗುತ್ತದೆ. ಫ್ಲಾಟ್‌ಬೆಡ್ ಗಾಡಿ ಕರೆಸಬೇಕು, ಮಳೆಗಾಲದಲ್ಲಿ ನಮ್ಮ ತೋಟದ ಗೇಟಿಗೆ ಅದು ಬರುವುದೇ ಕಷ್ಟ. ಗೇರ್ ಬಾಕ್ಸ್ ಒಳಗೆ ದೊಡ್ಡ ಕೆಲಸ ಬಂದರೆ ಮಂಗಳೂರಿಗೋ ಬೆಂಗಳೂರಿಗೋ ಹೋಗಬೇಕು, ಬಿಲ್ಲೂ ದೊಡ್ಡದೇ. ಗೇರ್ ಆಯಿಲ್ ಬದಲಿಸುವುದೇ ಬೇಡ, ಗಾಡಿ ಇರುವವರೆಗೆ ಬರುತ್ತದೆ ಅಂತ ಹೇಳುವವರಿದ್ದಾರೆ. ಘಾಟಿಯಲ್ಲಿ ಓಡುವ ಗಾಡಿಗೆ ಅದು ನಡೆಯುವುದಿಲ್ಲ. ಕಾದು ಕಾದು ಎಣ್ಣೆಯ ಗುಣ ಹೋಗುತ್ತದೆ, ಕಷ್ಟದ ಬಳಕೆಗೆ ಬೇಗ ಬದಲಿಸಿ ಅಂತ ಕಂಪನಿಗಳ ಪುಸ್ತಕದಲ್ಲೇ ಇರುತ್ತದೆ.

ಹಾಗಾಗಿ, ಗಟ್ಟಿಮುಟ್ಟಾದ ಹುಡುಗ, ತಾನೇ ಗಾಡಿ ಬಿಚ್ಚಿ ಜೋಡಿಸುವವನು, ವರ್ಕ್‌ಶಾಪಿನಿಂದ ದೂರ ಇರುವವನು ಮ್ಯಾನುಯಲ್ ತೆಗೆದುಕೊಂಡರೆ ನಾನು ಬೇಡ ಅನ್ನುವುದಿಲ್ಲ. ನನ್ನ ತಕರಾರು ಬೇರೆ. ಆಯ್ಕೆ ಇದ್ದರೆ ತಾನೇ ಆರಿಸುವುದು?

ನಮ್ಮ ದೇಶದ ಪಿಕಪ್ ಮಾರುಕಟ್ಟೆ ನೋಡಿ. ಆಟೋಮ್ಯಾಟಿಕ್ ಇರುವ ಡೀಸೆಲ್ ಪಿಕಪ್ ಅಂದರೆ ಹೈಲಕ್ಸ್ ಮತ್ತು ವಿ-ಕ್ರಾಸ್. ಹೊಸದಕ್ಕೆ ಆನ್‌ರೋಡ್ 30 ಲಕ್ಷದ ಆಸುಪಾಸಿನಿಂದ ಲೆಕ್ಕ ಶುರು ಮಾಡಬೇಕು. ಹೈಲಕ್ಸ್ 2022ರಲ್ಲಿ ಬಂದಾಗ ಮ್ಯಾನುಯಲ್ ಬೆಲೆಯೇ ಶೋರೂಮಿನಲ್ಲಿ 33.99 ಲಕ್ಷ ಇತ್ತು. ಅಷ್ಟು ಕೊಟ್ಟರೂ ಹೊರುವುದು ಹೆಚ್ಚೆಂದರೆ ಅರ್ಧ ಟನ್. ನನ್ನ ವಿ-ಕ್ರಾಸ್ ಅದಕ್ಕಿಂತಲೂ ಕಡಿಮೆ. ನಾಲ್ಕು ಚೀಲ ಮೆಣಸು, ಸ್ಪ್ರೇಯರ್, ಒಳಗೆ ಐದು ಜನ, ಅಲ್ಲಿಗೆ ಮುಗಿಯಿತು. ನಿಜವಾದ ಹೊರೆ ಹೊರುವವು ಬೊಲೆರೊ ಪಿಕಪ್, ಟಾಟಾ ಯೋಧ, ಅಶೋಕ್ ಲೇಲ್ಯಾಂಡ್ ದೋಸ್ತ್ ಇಂಥವು. ಬೊಲೆರೊದಲ್ಲಿ 1.7 ಟನ್ ಹೊರುವುದೂ ಇದೆ, ಯೋಧ 2 ಟನ್ ವರೆಗೂ ಇದೆ. ಬೆಲೆ 10 ಲಕ್ಷದ ಆಸುಪಾಸು. ಊರಿನ ಗೊಬ್ಬರ, ಸಿಮೆಂಟು, ಬಾಳೆಕಾಯಿ, ಹಾಲು, ಗ್ಯಾಸ್ ಸಿಲಿಂಡರ್ ಎಲ್ಲ ಓಡಾಡುವುದು ಇವುಗಳ ಬೆನ್ನ ಮೇಲೆ. ಇವುಗಳಲ್ಲಿ ಯಾವುದನ್ನು ಕೇಳಿದರೂ ಡೀಸೆಲ್‌ಗೆ ಮ್ಯಾನುಯಲ್ ಮಾತ್ರ.

ಅಂದರೆ ಕಡಿಮೆ ಹೊರೆ ಹೊರುವ, ಹೆಚ್ಚು ದುಡ್ಡಿನ ಗಾಡಿಯವರ ಕಾಲಿಗೆ ಆರಾಮ. ಒಂದೂವರೆ ಟನ್ ತರಕಾರಿ ಹಾಕಿಕೊಂಡು ರಾತ್ರಿಯಿಡೀ ನಿದ್ದೆಗೆಟ್ಟು ಘಾಟಿ ಇಳಿದು, ಬೆಳಿಗ್ಗೆ ಪೇಟೆಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುವ ಹುಡುಗನಿಗೆ ಕ್ಲಚ್ಚೇ ಗತಿ. ಯಾರಿಗೆ ಅದು ಹೆಚ್ಚು ಬೇಕೋ ಅವರಿಗೆ ಅದು ಇಲ್ಲ. ಇದು ನನಗೆ ಸರಿ ಕಾಣುವುದಿಲ್ಲ.

ಹೆಂಗಸರ ವಿಷಯವನ್ನೂ ಸೇರಿಸುತ್ತೇನೆ. ನಮ್ಮ ಸುತ್ತಮುತ್ತ ಸ್ಕೂಟರ್ ಓಡಿಸುವ ಹೆಣ್ಣುಮಕ್ಕಳು ಮನೆಮನೆಯಲ್ಲೂ ಇದ್ದಾರೆ. ಗೇರಿಲ್ಲದ ಸ್ಕೂಟರ್ ಬಂದ ಮೇಲೆಯೇ ಅಲ್ವಾ ಅವರು ರಸ್ತೆಗೆ ಬಂದಿದ್ದು? ಸ್ವಸಹಾಯ ಸಂಘದ ಹೆಂಗಸರು ಸೊಪ್ಪು, ಹಪ್ಪಳ, ಅಣಬೆ ಅಂತ ವ್ಯಾಪಾರ ಮಾಡುತ್ತಾರೆ, ಸಂತೆಗೆ ಸಾಗಿಸುವುದಕ್ಕೆ ಮಾತ್ರ ಬಾಡಿಗೆ ಪಿಕಪ್‌ನವರನ್ನು ಕಾಯಬೇಕು. ಎಡಗಾಲಿಗೆ ಪೋಲಿಯೊ ಆದವರು, ಅಪಘಾತದಲ್ಲಿ ಎಡಗಾಲು ಕಳೆದುಕೊಂಡವರು ಆಟೋಮ್ಯಾಟಿಕ್ ಕಾರು ಓಡಿಸುವುದನ್ನು ನಾನು ನೋಡಿದ್ದೇನೆ. ಅವರು ಒಂದು ಪಿಕಪ್ ಇಟ್ಟುಕೊಂಡು ಬಾಡಿಗೆ ಹೊಡೆದು ಬದುಕಬೇಕು ಅಂದರೆ ಗಾಡಿಯೇ ಇಲ್ಲ. ಕಂಪನಿಯಲ್ಲಿ ಗೇರ್ ಬಾಕ್ಸ್ ಯಾವುದು ಅಂತ ತೀರ್ಮಾನ ಮಾಡುವವರು ಇವರನ್ನು ಒಂದು ಸಲ ಮನಸ್ಸಿಗೆ ತಂದುಕೊಳ್ಳಬೇಕು.

ಹಳೇ ಬೊಲೆರೊ ಬದಲಿಸಬೇಕು ಅಂತ ಈಚೆಗೆ ಒಂದು ಶೋರೂಮಿಗೆ ಹೋಗಿದ್ದೆ. ಲೋಡ್ ಪಿಕಪ್‌ನಲ್ಲಿ ಆಟೋಮ್ಯಾಟಿಕ್ ಕೇಳಿದೆ. ‘ಅದು ಯಾಕಮ್ಮಾ, ಡ್ರೈವರ್ ಇರ್ತಾನಲ್ಲಾ’ ಅಂದ ಅಲ್ಲಿನ ಹುಡುಗ. ಡ್ರೈವರಿಗೂ ಮಂಡಿ ಇರುತ್ತದಪ್ಪಾ ಅಂದೆ. ಅವನು ಒಳ್ಳೆಯವನೇ, ಬುಕ್ಲೆಟ್ ಎಲ್ಲ ತಿರುವಿ ತೋರಿಸಿದ. ಇಲ್ಲದ್ದನ್ನು ಅವನಾದರೂ ಎಲ್ಲಿಂದ ತರುತ್ತಾನೆ.

ಬೆಲೆ ಹೆಚ್ಚಾಗುತ್ತದೆ ಅಂತ ಕಂಪನಿಯವರು ಹೇಳಬಹುದು. ಹೌದು, ಆಗುತ್ತದೆ. ಮ್ಯಾನುಯಲ್ ತೆಗೆಯಿರಿ ಅಂತ ನಾನು ಹೇಳುತ್ತಿಲ್ಲ, ಅದರ ಪಕ್ಕದಲ್ಲಿ ಇನ್ನೊಂದನ್ನೂ ಇಡಿ, ಬೇಕಾದವರು ಕೊಡುತ್ತಾರೆ. ಆದರೆ ಅಗ್ಗಕ್ಕೆ ಅಂತ ಸಣ್ಣ ಕಾರುಗಳಲ್ಲಿ ಇರುವ ಎಎಂಟಿಯನ್ನು ತಂದು ಹಾಕಬೇಡಿ. 2014ರಲ್ಲಿ ಮಾರುತಿ ಸೆಲೆರಿಯೊ ಕಾರಿನ ಜೊತೆ ಬಂದ ಎಎಂಟಿ ಎಷ್ಟೋ ಜನರಿಗೆ ಕೈಗೆಟಕುವ ಆಟೋಮ್ಯಾಟಿಕ್ ಕೊಟ್ಟಿತು, ಅದು ದೊಡ್ಡ ಉಪಕಾರವೇ. ಆದರೆ ಅದರೊಳಗೆ ಇರುವುದು ಅದೇ ಕ್ಲಚ್ ಪ್ಲೇಟ್. ನಮ್ಮ ಕಾಲಿನ ಬದಲು ಒಂದು ಮೋಟರ್ ಅದನ್ನು ಒತ್ತುತ್ತದೆ ಅಷ್ಟೆ. ಒಂದೂವರೆ ಟನ್ ಇಟ್ಟುಕೊಂಡು ನಮ್ಮ ಗೇಟಿನಂಥ ಏರಿನಲ್ಲಿ ಹೊರಡುವಾಗ ಸುಡುವುದು ಆ ಪ್ಲೇಟೇ. ದೊಡ್ಡ ಲಾರಿಗಳಲ್ಲಿ ಎಎಂಟಿ ಚೆನ್ನಾಗಿ ನಡೆಯುತ್ತದೆ, ಅಲ್ಲಿ ಗೇರುಗಳೇ 12 ಇರುತ್ತವೆ, ಮೊದಲನೆಯದು ತೆವಳುವಷ್ಟು ನಿಧಾನ. ಐದು ಗೇರಿನ ಪಿಕಪ್‌ಗೆ ಟಾರ್ಕ್ ಕನ್ವರ್ಟರೇ ಬೇಕು ಅನ್ನುವುದು ನನ್ನ ಅಭಿಪ್ರಾಯ. ಟಾಟಾ ಏಸ್‌ನ ಎಲೆಕ್ಟ್ರಿಕ್ ಮಾಡೆಲ್ 2022ರಲ್ಲೇ ಬಂತು, ಅದರಲ್ಲಿ ಕ್ಲಚ್ಚೂ ಇಲ್ಲ, ಗೇರೂ ಇಲ್ಲ. ಪೇಟೆಯೊಳಗೆ ಅದು ಸರಿ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದ ನಮ್ಮಲ್ಲಿ ಇನ್ನೂ ಕೆಲವು ವರ್ಷ ಡೀಸೆಲ್ಲೇ.

ಕೊನೆಯದಾಗಿ ಸಾರಿಗೆ ಇಲಾಖೆಗೆ ಒಂದು ಮನವಿ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಒಂದು ತೀರ್ಪು ಕೊಟ್ಟಿದೆ. ಲೈಟ್ ಮೋಟಾರ್ ವೆಹಿಕಲ್ ಲೈಸೆನ್ಸ್ ಇದ್ದವರು 7,500 ಕೆಜಿ ಒಳಗಿನ ಸರಕು ಗಾಡಿಯನ್ನೂ ಓಡಿಸಬಹುದು, ಬೇರೆ ಅನುಮತಿ ಬೇಡ ಅಂತ. ಸಾವಿರಾರು ಡ್ರೈವರುಗಳಿಗೆ ಇದರಿಂದ ಒಳ್ಳೆಯದಾಯಿತು, ವಿಮೆಯ ಜಗಳ ತಪ್ಪಿತು. ಆದರೆ ಸಣ್ಣ ಕಾರಿನಲ್ಲಿ ಮೈದಾನ ಸುತ್ತಿ ಲೈಸೆನ್ಸ್ ತೆಗೆದುಕೊಂಡವರು ಮರುದಿನವೇ ತುಂಬಿದ ಪಿಕಪ್ ಹತ್ತಿ ಘಾಟಿ ಇಳಿಯಬಹುದು ಅಂತಲೂ ಆಯಿತು. ಚಿಕ್ಕಮಗಳೂರು, ಕೊಡಗು, ಹಾಸನ, ಶಿವಮೊಗ್ಗ, ದಕ್ಷಿಣ ಕನ್ನಡ, ಉತ್ತರ ಕನ್ನಡದಂಥ ಜಿಲ್ಲೆಗಳ ಡ್ರೈವಿಂಗ್ ಸ್ಕೂಲುಗಳಲ್ಲಿ ಲೋಡ್ ಹಾಕಿ ಏರಿನಲ್ಲಿ ನಿಲ್ಲಿಸಿ ಹೊರಡುವುದು, ಕೆಳಗಿನ ಗೇರಲ್ಲಿ ಇಳಿಯುವುದು ಕಡ್ಡಾಯವಾಗಿ ಹೇಳಿಕೊಡಬೇಕು. ಮ್ಯಾನುಯಲ್ ಒಂದರಲ್ಲೇ ಅಲ್ಲ, ಆಟೋಮ್ಯಾಟಿಕ್‌ನಲ್ಲೂ.

ನಿಮ್ಮ ವಾಹನ ಪುಟದವರಿಗೂ ಒಂದು ಮಾತು. ಪಿಕಪ್ ಪರೀಕ್ಷೆ ಮಾಡುವಾಗ ಖಾಲಿ ಗಾಡಿಯನ್ನು ಹೆದ್ದಾರಿಯಲ್ಲಿ ಓಡಿಸಿ ಬರೆಯಬೇಡಿ. ಕಂಪನಿ ಹೇಳಿದಷ್ಟೂ ಲೋಡ್ ಹಾಕಿ ಉಜಿರೆಯಿಂದ ಚಾರ್ಮಾಡಿ ಹತ್ತಿ, ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿಂದು, ಅದೇ ಲೋಡಿನಲ್ಲಿ ವಾಪಸ್ ಇಳಿಯಿರಿ. ಮ್ಯಾನುಯಲ್ ಒಂದು ಸಲ, ಆಟೋಮ್ಯಾಟಿಕ್ ಒಂದು ಸಲ. ಜುಲೈನಲ್ಲಿ ಬಂದರೆ ಇನ್ನೂ ಒಳ್ಳೆಯದು. ಇಳಿದ ಮೇಲೆ ಬ್ರೇಕ್ ಎಷ್ಟು ಕಾದಿತ್ತು, ಓಡಿಸಿದವರ ಕಾಲು ಹೇಗಿತ್ತು ಅನ್ನುವುದನ್ನೂ ಬರೆಯಿರಿ. ಚೀಲ ಬೇಕಾದರೆ ನಮ್ಮ ತೋಟದಿಂದಲೇ ಕೊಡುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಕಾಫಿ ಬೆಳೆಗಾರ್ತಿ, ಮೂಡಿಗೆರೆ ತಾಲ್ಲೂಕು